ಬಲದಿಂದ ಮೂರನೆಯವನು ನಾನು

ಆ ಫೋಟೋ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಮಹಿಳಾ ದಿನಾಚರಣೆಯ ವೇದಿಕೆ, ಮೇಲೆ ಒಂಬತ್ತು ಜನ ಗಂಡಸರು. ಯಾರೋ ಪುಣ್ಯಾತ್ಮರು ಕೆಳಗೆ ‘ಇದರಲ್ಲಿ ಮಹಿಳೆ ಎಲ್ಲಿದ್ದಾಳೆ, ಹುಡುಕಿ’ ಅಂತ ಬರೆದಿದ್ದಾರೆ. ನೀವು ನಕ್ಕಿರುತ್ತೀರಿ, ನಾಲ್ಕು ಗ್ರೂಪಿಗೆ ಕಳಿಸಿಯೂ ಇರುತ್ತೀರಿ. ಸ್ವಲ್ಪ ಹಿಗ್ಗಿಸಿ ನೋಡಿ. ಬಲದಿಂದ ಮೂರನೆಯವನು ನಾನು.

ಮಹಿಳೆಯರು ಇದ್ದರು ಸ್ವಾಮಿ, ಫೋಟೋದಲ್ಲಿ ಬಂದಿಲ್ಲ ಅಷ್ಟೇ. ದೀಪ ಹಚ್ಚಲು ಮೇಣದಬತ್ತಿ ಹಿಡಿದುಕೊಂಡು ಒಬ್ಬರು ಕಂಬದ ಹಿಂದೆ ನಿಂತಿದ್ದರು. ಹಾರ, ಶಾಲು, ಹಣ್ಣಿನ ಬುಟ್ಟಿಯ ತಟ್ಟೆ ಹಿಡಿದು ಇಬ್ಬರು ಹುಡುಗಿಯರು ಬದಿಯಲ್ಲಿದ್ದರು. ಪ್ರಾರ್ಥನೆ ಹೆಂಗಸರದೇ. ವಂದನಾರ್ಪಣೆಯೂ ಹೆಂಗಸರದೇ. ಶುರುವಿನಲ್ಲಿ ಗಣಪತಿಗೆ, ಕೊನೆಯಲ್ಲಿ ಶಾಮಿಯಾನದವರಿಗೆ ಕೈ ಮುಗಿಯುವ ಕೆಲಸ ಅವರಿಗೆ ಬಿಟ್ಟಿದ್ದೆವು. ನಡುವಿನ ಮೂರು ಗಂಟೆ ಮಾತ್ರ ನಮ್ಮದು.

ಊರಿನ ಹೆಸರು ಬೇಡ. ಶಿವಮೊಗ್ಗದಿಂದ ಮುಕ್ಕಾಲು ಗಂಟೆ ದಾರಿ, ಪೇಟೆ ಮುಗಿದು ತೋಟ ಶುರುವಾಗುವ ಕಡೆ. ಹನ್ನೊಂದಕ್ಕೆ ಕಾರ್ಯಕ್ರಮ, ಉದ್ಘಾಟಕರು ಬಂದಿದ್ದು ಒಂದೂವರೆಗೆ. ಅಲ್ಲಿಯತನಕ ಇನ್ನೂರು ಹೆಂಗಸರನ್ನು ಸುಮ್ನೆ ಕೂರಿಸುವುದು ಹೇಗೆ? ಸ್ಪರ್ಧೆ ಇಟ್ಟಿದ್ದರು. ರಂಗೋಲಿ, ಬೆಂಕಿ ಇಲ್ಲದೆ ಅಡುಗೆ, ಮ್ಯೂಸಿಕಲ್ ಚೇರು.

ಈ ಮ್ಯೂಸಿಕಲ್ ಚೇರನ್ನು ವೇದಿಕೆ ಮೇಲಿಂದ ನೋಡಬೇಕು, ಅದರ ಮಜವೇ ಬೇರೆ. ಕೆಳಗೆ ಹದಿನೈದು ಹೆಂಗಸರು ಸೆರಗು ಸಿಕ್ಕಿಸಿಕೊಂಡು ಹದಿನಾಲ್ಕು ಕುರ್ಚಿಯ ಸುತ್ತ ಓಡುತ್ತಿದ್ದಾರೆ. ಮೇಲೆ ಒಂಬತ್ತು ಗಂಡಸರು ಒಂಬತ್ತು ಕುರ್ಚಿಯಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಿದ್ದೇವೆ. ನಮಗೆ ಹಾಡೂ ಇಲ್ಲ, ಓಟವೂ ಇಲ್ಲ. ದೇಶದ ವ್ಯವಹಾರವೂ ಇದೇ ಅಲ್ವಾ? ಮಹಿಳಾ ಮೀಸಲಾತಿ ಮಸೂದೆ ಮೊದಲು ಸಂಸತ್ತಿಗೆ ಬಂದಿದ್ದು 1996ರಲ್ಲಿ, ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದಾಗ. ಪಾಸಾಗಿದ್ದು 2023ರಲ್ಲಿ. ಇಪ್ಪತ್ತೇಳು ವರ್ಷ ಹಾಡು ನಿಲ್ಲಲೇ ಇಲ್ಲ. ಕೊನೆಗೂ ನಿಂತಿತು, ಕೂರೋಣ ಅಂತ ಹೋದರೆ ಕಾಯ್ದೆಯೊಳಗೇ ಬರೆದಿತ್ತು: ಮೊದಲು ಜನಗಣತಿ ಆಗಬೇಕು, ಆಮೇಲೆ ಕ್ಷೇತ್ರ ವಿಂಗಡಣೆ ಆಗಬೇಕು, ಆಮೇಲೆ ಕುರ್ಚಿ. ಮರುವರ್ಷದ ಲೋಕಸಭೆಯ 543 ಸೀಟಿನಲ್ಲಿ ಗೆದ್ದು ಕೂತ ಹೆಂಗಸರು 74.

ನನ್ನನ್ನು ಯಾಕೆ ಕರೆದಿದ್ದರು ಅಂದರೆ, ಪತ್ರಿಕೆಗೆ ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ. ಐದು ನಿಮಿಷ ಮಾತಾಡಿ ಅಂದಿದ್ದರು. ಚೀಟಿ ಬರೆದುಕೊಂಡು ಹೋಗಿದ್ದೆ. 1910ರಲ್ಲಿ ಕೋಪನ್‌ಹೇಗನ್‌ನಲ್ಲಿ ಕ್ಲಾರಾ ಜೆಟ್ಕಿನ್ ಎಂಬ ಜರ್ಮನ್ ಹೆಂಗಸು, ವರ್ಷಕ್ಕೊಂದು ದಿನ ಎಲ್ಲ ದೇಶದ ಹೆಂಗಸರೂ ಬೀದಿಗಿಳಿಯಬೇಕು ಅಂದಳು. ಮರುವರ್ಷ ಇಳಿದರು. ಕೇಳಿದ್ದು ಓಟು, ಕೆಲಸ, ನ್ಯಾಯವಾದ ಕೂಲಿ. 1917ರಲ್ಲಿ ಪೆಟ್ರೋಗ್ರಾಡ್‌ನ ಬಟ್ಟೆ ಗಿರಣಿಯ ಹೆಂಗಸರು ಬ್ರೆಡ್ಡು ಕೇಳಿಕೊಂಡು ಹೊರಗೆ ಬಂದ ದಿನವೇ ಈ ಮಾರ್ಚ್ 8. ರಷ್ಯದ ಹಳೇ ಪಂಚಾಂಗದಲ್ಲಿ ಫೆಬ್ರುವರಿ 23. ವಾರಕ್ಕೆ ಸರಿಯಾಗಿ ಅಲ್ಲಿನ ದೊರೆ ಸಿಂಹಾಸನ ಬಿಟ್ಟಿಳಿದ. ಚೀಟಿಯಲ್ಲಿ ಇಷ್ಟು ಬರೆದು, ಜೇಬಿಗಿಟ್ಟು, ಮೊಬೈಲು ನೋಡಿದರೆ ಅಂಗಡಿಯೊಂದರ ಮೆಸೇಜು: ‘ಮಹಿಳಾ ದಿನದ ವಿಶೇಷ ಕೊಡುಗೆ, ಕುಕ್ಕರ್ ಮತ್ತು ಮಿಕ್ಸಿ ಮೇಲೆ ಭಾರೀ ರಿಯಾಯಿತಿ.’

ಚೀಟಿ ಜೇಬಿನಲ್ಲೇ ಉಳಿಯಿತು. ಉದ್ಘಾಟಕರು ನಲವತ್ತೆಂಟು ನಿಮಿಷ ಮಾತಾಡಿದರು. ಆ ಸಂಸ್ಕೃತ ಶ್ಲೋಕದಿಂದ ಶುರು ಮಾಡಿದರು. ಯಾವುದು ಅಂತ ನಾನು ಹೇಳಬೇಕಿಲ್ಲ. ಹೆಣ್ಣು ಅಬಲೆಯಲ್ಲ ಸಬಲೆ ಅಂದರು. ಭೂಮಿ ಅಂದರು, ನದಿ ಅಂದರು, ಮೊಂಬತ್ತಿ ಅಂದರು. ಆಮೇಲೆ ಜಿಲ್ಲೆಯ ಹೆಮ್ಮೆಗೆ ಬಂದರು. ‘ಅಕ್ಕಮಹಾದೇವಿ ಹುಟ್ಟಿದ ನಾಡು ಇದು. ನಮ್ಮ ಶಿಕಾರಿಪುರದ ಉಡುತಡಿಯ ಹೆಣ್ಣುಮಗಳು. ಆಕೆಯಂತೆ ನೀವೂ ಮನೆ ಬೆಳಗಿಸಬೇಕು, ಸಂಸಾರ ತೂಗಿಸಿಕೊಂಡು ಹೋಗಬೇಕು.’

ನಾನು ಪಕ್ಕದವರ ಮುಖ ನೋಡಿದೆ. ಅವರು ಗಂಭೀರವಾಗಿ ತಲೆದೂಗುತ್ತಿದ್ದರು. ಮಾರಾಯ್ರೆ, ಅಕ್ಕ ಕೌಶಿಕನ ಅರಮನೆ ಬಿಟ್ಟು ಎದ್ದು ಹೊರಟವಳು. ಉಟ್ಟ ಬಟ್ಟೆಯೂ ಬೇಡ ಅಂದವಳು. ಸಭೆಯಲ್ಲಿದ್ದ ಇನ್ನೂರು ಜನ ಈ ಸಲಹೆಯನ್ನು ಸೀರಿಯಸ್ಸಾಗಿ ತಗೊಂಡಿದ್ದರೆ ಆ ಸಂಜೆ ತಾಲ್ಲೂಕಿನಲ್ಲಿ ಒಂದು ಒಲೆಯೂ ಹೊತ್ತುತ್ತಿರಲಿಲ್ಲ.

ಕೆಳದಿ ಚೆನ್ನಮ್ಮನೂ ಬಂದಳು. ಬರದೆ ಇರುತ್ತಾಳೆಯೇ? 1671ರಿಂದ ಇಪ್ಪತ್ತೈದು ವರ್ಷ ಆಳಿದವಳು, ಶಿವಾಜಿಯ ಮಗ ರಾಜಾರಾಮನಿಗೆ ಜಾಗ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡವಳು. ಕೇಳುತ್ತಾ ನನಗೊಂದು ಕೆಟ್ಟ ಯೋಚನೆ ಬಂತು. ಆಕೆ ಪಟ್ಟಕ್ಕೆ ಬರುವ ಹೊತ್ತಿಗೆ ಗಂಡ ತೀರಿಕೊಂಡಿದ್ದ. ಇಲ್ಲದಿದ್ದರೆ ಮೊಗಲರ ಸೇನಾಪತಿ ಬಾಗಿಲಿಗೆ ಬಂದಾಗ, ‘ಸ್ವಲ್ಪ ಕೂತಿರಿ, ಯಜಮಾನ್ರು ತೋಟಕ್ಕೆ ಹೋಗಿದ್ದಾರೆ, ಅವರ ಹತ್ರಾನೇ ಮಾತಾಡಿ’ ಅನ್ನಬೇಕಾಗುತ್ತಿತ್ತು.

ಈ ಯೋಚನೆ ಸುಮ್ನೆ ಬಂದದ್ದಲ್ಲ. ಪಕ್ಕದಲ್ಲಿ ತಲೆದೂಗುತ್ತಿದ್ದರಲ್ಲ, ಅವರು ಪಂಚಾಯ್ತಿ ಅಧ್ಯಕ್ಷೆಯ ಗಂಡ. ಅಧ್ಯಕ್ಷೆ ಮೂರನೇ ಸಾಲಿನಲ್ಲಿ, ಮಡಿಲಲ್ಲಿ ಅಕ್ಕನ ಮೊಮ್ಮಗು ಮಲಗಿಸಿಕೊಂಡು ಕೂತಿದ್ದರು. ಸ್ವಾಗತ ಮಾಡಿದವರು ‘ನಮ್ಮ ಜನಪ್ರಿಯ ಅಧ್ಯಕ್ಷರು’ ಅಂದಾಗ ಎದ್ದು ಕೈಮುಗಿದಿದ್ದು ಇವರು. ಕರ್ನಾಟಕ 2010ರಲ್ಲಿ ಪಂಚಾಯ್ತಿಯ ಅರ್ಧ ಸೀಟನ್ನು ಹೆಂಗಸರಿಗೆ ಇಟ್ಟಿತು. ಗಂಡಂದಿರಿಗೆ ಎಷ್ಟು ಅಂತ ಬರೆಯಲಿಲ್ಲ, ಅದನ್ನು ಅವರೇ ನೋಡಿಕೊಂಡರು. ಛತ್ತೀಸಗಡದ ಪರಸ್ವಾರಾ ಎಂಬ ಊರಲ್ಲಂತೂ 2025ರ ಮಾರ್ಚ್‌ನಲ್ಲಿ ಗೆದ್ದ ಆರು ಹೆಂಗಸರ ಬದಲು ಆರು ಗಂಡಂದಿರೇ ಹಾರ ಹಾಕಿಸಿಕೊಂಡು ಪ್ರಮಾಣವಚನ ತೆಗೆದುಕೊಂಡರು. ಅದೂ ಮಹಿಳಾ ದಿನದ ವಾರದಲ್ಲೇ. ನಮ್ಮವರು ಇನ್ನೂ ಅಷ್ಟು ಮುಂದುವರಿದಿಲ್ಲ. ಪ್ರಮಾಣವಚನ ಹೆಂಡತಿಯ ಕೈಲೇ ಮಾಡಿಸಿ, ಚೆಕ್ ಪುಸ್ತಕ ಮಾತ್ರ ತಮ್ಮ ಬ್ಯಾಗಿನಲ್ಲಿಟ್ಟುಕೊಳ್ಳುತ್ತಾರೆ. ಮಲೆನಾಡಿನ ಸಂಕೋಚ.

ಭಾಷಣ ಮುಗಿಯುವ ಲಕ್ಷಣ ಕಾಣದೆ ನನ್ನ ತಲೆ ಐಸ್‌ಲ್ಯಾಂಡಿಗೆ ಹೋಯಿತು. 1975ರ ಅಕ್ಟೋಬರ್ 24ರಂದು ಅಲ್ಲಿನ ನೂರಕ್ಕೆ ತೊಂಬತ್ತು ಹೆಂಗಸರು ರಜೆ ಹಾಕಿದರು. ಆಫೀಸಿಗೂ ರಜೆ, ಅಡುಗೆಮನೆಗೂ ರಜೆ. ಅಪ್ಪಂದಿರು ಮಕ್ಕಳನ್ನು ಕಟ್ಟಿಕೊಂಡು ಕೆಲಸಕ್ಕೆ ಹೋದರು. ಬೇಗ ಬೇಯುತ್ತದೆ, ಮಕ್ಕಳೂ ತಿನ್ನುತ್ತವೆ ಅಂತ ಎಲ್ಲರೂ ಸಾಸೇಜಿಗೆ ಮುಗಿಬಿದ್ದು ಅಂಗಡಿಗಳಲ್ಲಿ ಅದು ಖಾಲಿಯಾಯಿತಂತೆ.

ನಮ್ಮಲ್ಲಿ ಏನು ಖಾಲಿಯಾಗುತ್ತಿತ್ತು? ಅವಲಕ್ಕಿ. ಬೆಳಿಗ್ಗೆ ಒಂಬತ್ತಕ್ಕೆಲ್ಲ ತೀರ್ಥಹಳ್ಳಿಯಿಂದ ಸಾಗರದವರೆಗೆ ಒಂದು ಪಾವು ಅವಲಕ್ಕಿ ಸಿಗುತ್ತಿರಲಿಲ್ಲ. ಹತ್ತಕ್ಕೆ ಬೇಕರಿಯಲ್ಲಿ ಬನ್ನು ಮುಗಿಯುತ್ತಿತ್ತು. ಕೊಟ್ಟಿಗೆಯಲ್ಲಿ ದನ ಒಂದೇ ಸಮನೆ ಕೂಗುತ್ತಿತ್ತು, ಯಜಮಾನರು ಚೊಂಬು ಹಿಡಿದು ಯಾವ ಬದಿಗೆ ಕೂರಬೇಕು ಅಂತ ಯೋಚಿಸುತ್ತಿದ್ದರು. ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಯಾವುದು ಅಂತ ಪಕ್ಕದ ಮನೆಗೆ ಫೋನು ಮಾಡಿದರೆ ಅಲ್ಲೂ ಗಂಡಸೇ ಎತ್ತುತ್ತಿದ್ದ. ಅಂದಹಾಗೆ ಅಕ್ಟೋಬರ್ ಅಂದರೆ ಹೆಚ್ಚೂಕಡಿಮೆ ನಮ್ಮ ಭೂಮಿ ಹುಣ್ಣಿಮೆಯ ಕಾಲ. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ತೀರಿಸಬೇಕು. ಎಂಥ ಚೆಂದದ ಹಬ್ಬ! ಬುಟ್ಟಿಗೆ ಚಿತ್ತಾರ ಬರೆಯುವುದು ಹೆಂಗಸರು, ರಾತ್ರಿಯಿಡೀ ನಿದ್ದೆಗೆಟ್ಟು ಹತ್ತಾರು ಬಗೆ ಸೊಪ್ಪು ಬೇಯಿಸುವುದು ಹೆಂಗಸರು. ಬೆಳಗಿನ ಜಾವ ಬುಟ್ಟಿ ಹೊತ್ತು ಹೋಗಿ ಗದ್ದೆಗೆ ಬೀರಿ ಬರುವುದು ನಾವು. ಭೂಮಿಗೆ ನಾವೇ ಊಟ ಹಾಕಿದೆವು ಅಂತ ನಲವತ್ತು ವರ್ಷ ನಂಬಿಕೊಂಡಿದ್ದೆ.

ಸರ್ಕಾರವೇ ಲೆಕ್ಕ ಹಾಕಿದೆ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸು ದಿನಕ್ಕೆ 289 ನಿಮಿಷ ಕೊಡುತ್ತಾಳೆ, ಗಂಡಸು 88. ಇದು ಮನೆಗೆಲಸ ಮಾಡುವ ಗಂಡಸರ ಲೆಕ್ಕ ಮಾತ್ರ. ಮಾಡದವರು ಲೆಕ್ಕಕ್ಕೇ ಇಲ್ಲ, ನನ್ನ ಹಾಗೆ.

ಐಸ್‌ಲ್ಯಾಂಡಿನವರು ಮರುವರ್ಷ, 1976ರಲ್ಲಿ, ಸಮಾನತೆಯ ಕಾನೂನು ಮಾಡಿದರು. ಸಮಾನ ವೇತನದ ಕಾಯ್ದೆಗೆ ನಮ್ಮಲ್ಲೂ ಅದೇ ಇಸವಿ. ಗಂಡು ಹೆಣ್ಣಿನ ಸಮಾನತೆ ಅಳೆಯುವ ವಿಶ್ವ ಆರ್ಥಿಕ ವೇದಿಕೆಯ 2025ರ ಪಟ್ಟಿಯಲ್ಲಿ ಅವರು ಒಂದನೆಯವರು. 148 ದೇಶಗಳಲ್ಲಿ ನಾವು 131. ನಮ್ಮ ತೋಟಗಳಲ್ಲಿ ಇವತ್ತಿಗೂ ಗಂಡಾಳಿಗೊಂದು ರೇಟು, ಹೆಣ್ಣಾಳಿಗೊಂದು ರೇಟು. ವೇದಿಕೆ ಮೇಲಿದ್ದ ಒಂಬತ್ತು ಜನರಲ್ಲಿ ಆರು ಜನಕ್ಕೆ ತೋಟವಿದೆ. ಅವರು ಏನು ಕೊಡುತ್ತಾರೆ ಅಂತ ಕೆಳಗೆ ಕೂತವರಿಗೆ ಗೊತ್ತು, ಕೂತವರಲ್ಲಿ ಅರ್ಧ ಜನ ಅವರ ಮನೆಯಲ್ಲೇ ಅಡಿಕೆ ಸುಲಿದವರು. ಗೊಬ್ಬರದ ಬುಟ್ಟಿ ಹೊತ್ತವರ ಮುಂದೆ ನಿಂತು ಹೆಣ್ಣು ಹೂವಿನಂಥವಳು ಅಂದರೆ ಅವರು ಏನಂತ ಚಪ್ಪಾಳೆ ಹೊಡೆಯಬೇಕು?

ಇನ್ನೊಂದು ಹೇಳಿಬಿಡುತ್ತೇನೆ. ಆ ಭವನದಲ್ಲಿ ಹೆಂಗಸರ ಶೌಚಾಲಯ ಒಂದಿತ್ತು. ಬೀಗ ಹಾಕಿತ್ತು. ಬೀಗದ ಕೈ ಇದ್ದವನು ಊಟಕ್ಕೆ ಹೋಗಿದ್ದ. ಹನ್ನೊಂದರಿಂದ ಕೂತಿದ್ದರು ಅವರೆಲ್ಲ, ಮಾರ್ಚ್ ತಿಂಗಳ ಸೆಕೆಯಲ್ಲಿ, ನೀರು ಕುಡಿಯದೆ. ಯಾಕೆ ಕುಡಿಯಲಿಲ್ಲ ಅಂತ ಹೆಣ್ಣುಮಕ್ಕಳನ್ನು ಕೇಳಿ, ಹೇಳುತ್ತಾರೆ. ನಮಗೆ ವೇದಿಕೆ ಮೇಲೆ ತಲಾ ಎರಡು ಬಾಟಲಿ ನೀರಿಟ್ಟಿದ್ದರು. ಇದರಲ್ಲಿ ತಮಾಷೆ ಹುಡುಕಲು ನನ್ನ ಕೈಲಾಗುವುದಿಲ್ಲ. ಒಂದು ಬೀಗ ತೆಗೆಸಲಾರದ ಒಂಬತ್ತು ಜನ ಸೇರಿ ಏನು ಸಬಲೀಕರಣ ಮಾಡುತ್ತೇವೆ? ನಾಚಿಕೆಯಾಗಬೇಕು. ನನಗೂ ಸೇರಿಸಿ.

ನಾಲ್ಕೂ ಮುಕ್ಕಾಲಿಗೆ ಹಿಂದಿನ ಸಾಲು ಎದ್ದಿತು. ಆಮೇಲೆ ಅದರ ಮುಂದಿನದು. ಉದ್ಘಾಟಕರಿಗೆ ಸಿಟ್ಟು ಬಂತು. ‘ಕೂತ್ಕೊಳ್ಳಿ ತಾಯಂದಿರೇ, ನಿಮಗೋಸ್ಕರವೇ ಮಾತಾಡ್ತಿರೋದು!’

‘ನಮ್ ಬಸ್ ನಿಲ್ಲಲ್ಲ ಸಾರ್’ ಅಂತ ಯಾರೋ ಅಂದರು.

ಐದು ಗಂಟೆಯದೇ ಕೊನೆಯ ಬಸ್ಸು. ಶಕ್ತಿ ಯೋಜನೆ 2023ರ ಜೂನ್‌ನಲ್ಲೇ ಬಂತು, ಒಳ್ಳೆಯದೇ ಆಯಿತು, ಧರ್ಮಸ್ಥಳಕ್ಕೂ ಬೆಂಗಳೂರಿಗೂ ಹೆಂಗಸರು ಕೈಬೀಸಿಕೊಂಡು ಹೋಗಿಬಂದರು. ಆದರೆ ನಮ್ಮ ಎಷ್ಟೋ ಒಳಹಳ್ಳಿಗಳಿಗೆ ಓಡುವುದು ಖಾಸಗಿ ಬಸ್ಸು, ಅಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ಫೋಟೋ ಚೆನ್ನಾಗಿದೆ ಅನ್ನುತ್ತಾನೆ. ಅದೂ ತಪ್ಪಿದರೆ ಕತ್ತಲಲ್ಲಿ ಘಟ್ಟದ ದಾರಿ. ಐದು ನಿಮಿಷದಲ್ಲಿ ಸಭೆ ಖಾಲಿ. ಉದ್ಘಾಟಕರು ಖಾಲಿ ಕುರ್ಚಿಗಳಿಗೆ ಸಹನೆಯ ಮಹತ್ವ ಹೇಳಿ ಮುಗಿಸಿದರು. ವಂದನಾರ್ಪಣೆ ಮಾಡಬೇಕಾದವರೂ ಅದೇ ಬಸ್ಸಿಗೆ ಹೋಗಿದ್ದರು.

ನಮಗೆಲ್ಲ ಸನ್ಮಾನ ಬಾಕಿ ಇತ್ತು. ಶಾಲು ಹೊದೆಸಿಕೊಂಡು, ಬುಟ್ಟಿಯಲ್ಲಿ ಸೇಬು ಎಷ್ಟಿದೆ ಅಂತ ನೋಡುತ್ತಾ ಕೂತಿದ್ದೆ. ಕೆಲಸದ ಹೆಂಗಸು ಒಬ್ಬರು ಕೆಳಗಿನ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ ವೇದಿಕೆ ಹತ್ತಿ ಬಂದರು. ಸುಗ್ಗಿ ಮುಗಿದಿದ್ದರೂ ಬೆರಳ ತುದಿಯ ಅಡಿಕೆ ಕಪ್ಪು ಹೋಗಿರಲಿಲ್ಲ. ನನ್ನ ಪಕ್ಕ ನಿಂತು, ಮೆಲ್ಲಗೆ, ಮರ್ಯಾದೆಯಿಂದಲೇ ಕೇಳಿದರು:

‘ಸ್ವಲ್ಪ ಏಳ್ತೀರಾ ಸಾರ್? ಆರಕ್ಕೆ ಶಾಮಿಯಾನದವರು ಬರ್ತಾರೆ. ಕುರ್ಚಿ ಲೆಕ್ಕ ಕೊಡ್ಬೇಕು.’