ಸಾವಿನ ಮನೆಯಲ್ಲೂ ದೀಕ್ಷಾಸ್ನಾನದ ಜಗಳವೇ?

ಕೋಲಾರದ ನಮ್ಮ ಕ್ರೈಸ್ತ ನೆಂಟರಲ್ಲಿ ಕ್ಯಾಥೊಲಿಕರಿದ್ದಾರೆ, ಮೆಥೊಡಿಸ್ಟರಿದ್ದಾರೆ, ಪೆಂತೆಕೊಸ್ತಿನವರೂ ಇದ್ದಾರೆ. ಇರಲಿ ಬಿಡಿ. ಆದರೆ ನಾಲ್ಕು ಜನ ಒಂದು ಕಡೆ ಸೇರಿದರೆ ಸಾಕು, ದೀಕ್ಷಾಸ್ನಾನ (ಬ್ಯಾಪ್ಟಿಸಂ) ಹೇಗೆ ಮಾಡಬೇಕು ಅಂತ ಜಗಳ ಶುರು.

ಮೊನ್ನೆ ಒಂದು ಸಾವಿನ ಮನೆ. ಪೆಟ್ಟಿಗೆ ಇನ್ನೂ ಹಾಲ್‌ನಲ್ಲೇ ಇದೆ. ಹೊರಗೆ ಶಾಮಿಯಾನದ ಕೆಳಗೆ ಇಬ್ಬರು ಹಿರಿಯರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. "ಮಗುವಿನ ಹಣೆಗೆ ಸುಮ್ನೆ ನೀರು ಚಿಮುಕಿಸಿದರೆ ಅದು ದೀಕ್ಷಾಸ್ನಾನವಾ? ಮುಳುಗಿಸಬೇಕು!" ಅಂತ ಒಬ್ಬರು. "ಮೊದಲು ನಿಮ್ಮ ಸಭೆಯ ಮೈಕ್ ಸೌಂಡ್ ಕಡಿಮೆ ಮಾಡಿ" ಅಂತ ಇನ್ನೊಬ್ಬರು. ದನಿ ಒಳಗಿನವರೆಗೂ ಕೇಳುತ್ತಿತ್ತು. ಸತ್ತವರ ಹೆಂಡತಿಗೆ ಒಂದು ಲೋಟ ಕಾಫಿ ಕೊಡಬೇಕು ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ.

ದೊಡ್ಡ ದೊಡ್ಡ ಚರ್ಚ್ ಸಭೆಗಳೇ ರಾಜಿಯಾಗಿವೆ ಸ್ವಾಮಿ. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಯಿತು. (ಅಮೆರಿಕದ ಮಿಷನ್ನಿನಿಂದ ಬಂದ ನಮ್ಮೂರಿನ ಮೆಥೊಡಿಸ್ಟರು ಸೇರಲಿಲ್ಲ, ಅದು ಬೇರೆ ಕಥೆ.) ಕ್ಯಾಥೊಲಿಕರೂ ಲೂಥರನ್ನರೂ ಶತಮಾನಗಟ್ಟಲೆ ಬೈದಾಡಿಕೊಂಡವರು. ಅವರೇ 1999ರಲ್ಲಿ, ದೇವರು ನಮ್ಮನ್ನು ಒಪ್ಪಿಕೊಳ್ಳೋದು ಕೃಪೆಯಿಂದಲೇ ಅಂತ ಒಂದೇ ಕಾಗದಕ್ಕೆ ಸಹಿ ಹಾಕಿದರು. ಪ್ರತಿ ಜನವರಿ 18ರಿಂದ 25ರವರೆಗೆ ಐಕ್ಯಕ್ಕಾಗಿ ಪ್ರಾರ್ಥನಾ ವಾರ ಬೇರೆ ಇದೆ.

ವಾದ ಮಾಡಬೇಡಿ ಅಂದವರ್ಯಾರು? ಜೋರಾಗೇ ಮಾಡಿ. ಮಣ್ಣು ಮಾಡಿ ಬಂದ ಮೇಲೆ ಮಾಡಬಹುದಿತ್ತು, ಅಲ್ವಾ?