ಮುಸುಕಿನ ಚೀಲ

ನನ್ನ ಹಳೆಯ ಕ್ಯಾಮೆರಾ ಬ್ಯಾಗಿಗೆ ಬಾಯಿ ಒಂದಿರಲಿಲ್ಲ. ಮಿಕ್ಕಂತೆ ಊರಿಗೆಲ್ಲ ಡಂಗುರ ಸಾರುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತಿತ್ತು. ಅಲ್ಲಲ್ಲಿ ಉಬ್ಬಿದ ಕಪ್ಪು ಮೈ, ಪಕ್ಕದಲ್ಲಿ ಟ್ರೈಪಾಡ್ ಬಿಗಿಯುವ ಲಾಡಿ, ಅರ್ಧ ತೆರೆದ ಜಿಪ್ಪಿನಿಂದ ಸದಾ ಇಣುಕುವ ಹಳದಿ ಅಕ್ಷರದ ಕ್ಯಾಮೆರಾ ಪಟ್ಟಿ. ಅದನ್ನು ಹೆಗಲಿಗೇರಿಸಿ ಬಸವನಗುಡಿಯ ಮನೆಯಿಂದ ಹೊರಟರೆ ನ್ಯಾಷನಲ್ ಕಾಲೇಜು ಮೆಟ್ರೋ ಮುಟ್ಟುವುದರೊಳಗೆ ಒಬ್ಬರಾದರೂ "ಸಾರ್, ಪಾಸ್‌ಪೋರ್ಟ್ ಸೈಜು ಎಂಟು ಕಾಪಿಗೆ ಎಷ್ಟು?" ಎಂದು ಕೇಳಿರುತ್ತಿದ್ದರು.

ಒಮ್ಮೆ ಒಂದು ಉದ್ಯಾನಕ್ಕೆ ಬರೀ ಗಾಳಿ ಕುಡಿಯಲು ಹೋಗಿದ್ದೆ. ನನ್ನ ಮುಂದಿದ್ದ ಎಂಟು ಹತ್ತು ಹುಡುಗರು ಮೊಬೈಲು ಎತ್ತಿ ಹಿಡಿದು, ಕುಣಿಯುತ್ತಲೇ, ರೀಲ್ಸ್ ಮಾಡುತ್ತಲೇ ಒಳಗೆ ಹೋದರು. ಕಾವಲುಗಾರ ಅವರಿಗೆ ದಾರಿ ಬಿಟ್ಟು ನನ್ನೆದುರು ಕೋಲು ಅಡ್ಡ ಹಿಡಿದ. "ಕ್ಯಾಮೆರಾ ಇದೆಯಾ ಸಾರ್?" ತೆಗೆಯುವುದಿಲ್ಲ ಎಂದೆ. "ತೆಗೆಯಲ್ಲ ಅಂದ್ರೆ ತಂದಿದ್ದು ಯಾಕೆ?" ಎಂದ. ಉತ್ತರ ಇವತ್ತಿಗೂ ಹೊಳೆದಿಲ್ಲ.

ಕಾವಲುಗಾರರನ್ನಾದರೂ ಸಹಿಸಬಹುದು. ಕಳ್ಳರಂತೂ ಪಾಪ, ಇಷ್ಟು ವರ್ಷಗಳಲ್ಲಿ ನನ್ನ ಹತ್ತಿರವೂ ಸುಳಿದಿಲ್ಲ. ನನಗಿದ್ದ ನಿಜವಾದ ಭಯ ನೆಂಟರದ್ದು. ನಾಮಕರಣ, ಗೃಹಪ್ರವೇಶ, ಸೀಮಂತ, ಎಲ್ಲಿಗೇ ಹೋಗಲಿ, ಆ ಬ್ಯಾಗು ಕಂಡ ಕೂಡಲೇ "ಅಯ್ಯೋ, ಇವನೇ ಬಂದ್ನಲ್ಲಾ, ಫೋಟೋದವನಿಗೆ ಯಾಕೆ ಸುಮ್ನೆ ದುಡ್ಡು" ಎಂಬ ಸಂತೋಷದ ಮಾತು ತೇಲಿ ಬರುತ್ತಿತ್ತು. ಅಲ್ಲಿಗೆ ಮೊದಲ ಪಂಕ್ತಿಯ ಊಟ ತಪ್ಪಿತು ಅಂತಲೇ ಲೆಕ್ಕ. ಕೊನೆಯ ಪಂಕ್ತಿಗೆ ಹೋಳಿಗೆ ಉಳಿದಿರುವುದಿಲ್ಲ, ತುಪ್ಪ ಮಾತ್ರ ಇರುತ್ತದೆ.

ಹೀಗಾಗಿ ಒಂದು ಮಾಮೂಲಿ, ಯಾರ ಕಣ್ಣಿಗೂ ಬೀಳದ ಬ್ಯಾಗು ಬೇಕೆಂದು ತೀರ್ಮಾನಿಸಿದೆ. ವಾರವಿಡೀ ವೈಟ್‌ಫೀಲ್ಡಿನ ಆಫೀಸಿಗೆ ಲ್ಯಾಪ್‌ಟಾಪ್ ಹೊರಬೇಕು. ಸಂಜೆ ಬೆಳಕು ಚೆನ್ನಾಗಿದ್ದರೆ ನಾಲ್ಕು ಫೋಟೋ ತೆಗೆಯಬೇಕು. ಎರಡೂ ಒಂದರಲ್ಲೇ ಹೋಗಬೇಕು. ಇಷ್ಟು ಸಣ್ಣ ಆಸೆಗೆ ಅವೆನ್ಯೂ ರಸ್ತೆಯಲ್ಲಿ ಒಂದು ಇಡೀ ಶನಿವಾರ ಕರಗಿತು.

ಬ್ಯಾಗನ್ನು ಲೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ ಎಂದು ಗೊತ್ತಾಗಿದ್ದು ಅಲ್ಲಿಯೇ. "ಇದು 25 ಲೀಟರ್ ಸಾರ್" ಎಂದು ಅಂಗಡಿಯವನು ಹೇಳಿದಾಗ ನನ್ನ ತಲೆಯೊಳಗೆ ಬಂದದ್ದು ಅರ್ಧ ಲೀಟರಿನ ನಂದಿನಿ ಪ್ಯಾಕೆಟ್ಟುಗಳು. ಐವತ್ತು ಹಿಡಿಯುತ್ತವೆ, ಸರಿ. ಆದರೆ ಹಾಲು ಮೂಲೆ ಸಂದಿಗೂ ಹರಿಯುತ್ತದೆ, ಒಂದೂವರೆ ಕಿಲೋದ ಜೂಮ್ ಲೆನ್ಸು ಹರಿಯುವುದಿಲ್ಲವಲ್ಲ. ಆಮೇಲೆ ಬಟ್ಟೆಯ ವಿಚಾರ ಬಂತು. "ಸಾವಿರ ಡೆನಿಯರ್ ಸಾರ್, ಹರಿಯೋ ಮಾತೇ ಇಲ್ಲ." ಡೆನಿಯರ್ ಎಂದರೆ 9000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಒಂಬತ್ತು ಕಿಲೋಮೀಟರ್ ಅಂದರೆ ನಮ್ಮೂರಿನಲ್ಲಿ, ಬೆಳಗಿನ ಒಂಬತ್ತೂವರೆಗೆ, ಸಿಲ್ಕ್ ಬೋರ್ಡಿನ ಕಡೆಯಿಂದಾದರೆ, ಅರ್ಧ ದಿನದ ಪ್ರಯಾಣ. ಅಷ್ಟುದ್ದದ ನೂಲು ಒಂದು ಕಿಲೋ ತೂಗಿದರೆ ಆಶ್ಚರ್ಯವಿಲ್ಲ ಅನ್ನಿಸಿತು.

ಲ್ಯಾಪ್‌ಟಾಪಿನದು ಇನ್ನೊಂದು ರಾಮಾಯಣ. ನನ್ನದು 15.6 ಇಂಚಿನದು. ಆ ಅಳತೆ ಪರದೆಯ ಮೂಲೆಯಿಂದ ಮೂಲೆಗೆ, ಓರೆಯಾಗಿ. ಬ್ಯಾಗಿಗೆ ಬೇಕಾದದ್ದು ಇಡೀ ಡಬ್ಬಿಯ ಅಗಲ, ಉದ್ದ, ದಪ್ಪ. ಅಮ್ಮನ ಹೊಲಿಗೆ ಟೇಪು ಒಯ್ದಿದ್ದೆ. ಅಂಗಡಿಯವನು ಅದನ್ನು ನೋಡಿ, "ಬ್ಲೌಸ್ ಪೀಸು ಪಕ್ಕದ ಬೀದಿ ಸಾರ್" ಎಂದ.

ಒಂದು ವಿಷಯವನ್ನು ಮಾತ್ರ ನನ್ನ ಸ್ವಂತ ಖರ್ಚಿನಲ್ಲಿ ಕಲಿತಿದ್ದೇನೆ, ನಿಮಗೆ ಪುಕ್ಕಟೆ ಹೇಳುತ್ತೇನೆ. ಬ್ಯಾಗು ಕೊಳ್ಳುವಾಗ ಲ್ಯಾಪ್‌ಟಾಪ್ ಇಡುವ ಜೇಬಿನೊಳಗೆ ಕೈ ಇಳಿಸಿ ತಳ ಮುಟ್ಟಿ ನೋಡಿ. ಆ ಜೇಬು ಬ್ಯಾಗಿನ ತಳದವರೆಗೂ ಇಳಿದಿರಬಾರದು. ಎರಡು ಬೆರಳಷ್ಟು ಮೇಲೆಯೇ ನಿಂತು ತೂಗಾಡುತ್ತಿರಬೇಕು. ಇಲ್ಲದಿದ್ದರೆ ನೀವು ಬ್ಯಾಗನ್ನು ನೆಲಕ್ಕಿಟ್ಟಾಗಲೆಲ್ಲ ಲ್ಯಾಪ್‌ಟಾಪಿನ ಮೂಲೆಯೇ ಮೊದಲು ನೆಲ ಮುಟ್ಟುತ್ತದೆ. ನನ್ನದು ಆಫೀಸಿನ ಗ್ರಾನೈಟಿನ ಮೇಲೆ 'ಟಕ್' ಎಂದದ್ದು ಹಿಂದಿನ ವರ್ಷ. ಎಡಗಡೆಯ ಮೂಲೆ ಈಗಲೂ ನೆಗ್ಗಿದ ಪಾತ್ರೆಯ ಹಾಗಿದೆ, ಮುಚ್ಚಿದರೆ ಪೂರ್ತಿ ಮುಚ್ಚುವುದಿಲ್ಲ. ನಗುತ್ತಿರುವ ಹಾಗೆ ಕಾಣುತ್ತದೆ.

ಕಡೆಗೆ ಆನ್‌ಲೈನಿನಲ್ಲಿ ಒಂದು ಬೂದು ಬಣ್ಣದ ಬ್ಯಾಗು ತರಿಸಿದೆ. ಹೆಸರಿಲ್ಲ, ಗುರುತಿಲ್ಲ, ಮುಂದೆ ಜಿಪ್ಪೇ ಇಲ್ಲ. ಬೆನ್ನಿಗೆ ತಾಗುವ ಕಡೆಯಿಂದ ತೆರೆಯುವ ಕಳ್ಳನಿರೋಧಕ ವಿನ್ಯಾಸ. ಉಪಾಯವೇನೋ ಸರಿಯಾದದ್ದೇ. ಬೆನ್ನಿನ ಮೇಲಿರುವಷ್ಟು ಹೊತ್ತು ಯಾರೂ ತೆರೆಯಲಾರರು. ನಾನೂ ತೆರೆಯಲಾರೆ. ಮೊದಲ ದಿನವೇ ಮೆಟ್ರೋ ಗೇಟಿನೆದುರು ನನ್ನ ಕಾರ್ಡು ಒಳಗೆ ಉಳಿದು, ಬ್ಯಾಗನ್ನು ನೆಲದ ಮೇಲೆ ಬೋರಲು ಮಲಗಿಸಿ, ಮಂಡಿಯೂರಿ ಕೂತು ಬೆನ್ನು ಬಿಚ್ಚಿದೆ. ಅದಕ್ಕೂ ಮೊದಲು ತಪಾಸಣೆಯ ಯಂತ್ರದಲ್ಲೇ ಮಾನ ಹೋಗಿತ್ತು. ಪರದೆ ನೋಡುತ್ತಿದ್ದ ಮೇಡಂ ಬೆಲ್ಟು ನಿಲ್ಲಿಸಿ, "ಒಳಗೆ ಪೈಪ್ ಥರ ಏನೋ ಇದೆ, ಗಾಜು ಬೇರೆ ಇದೆ" ಎಂದರು. ಲೆನ್ಸು ಎಂದೆ. ತೆಗೆದು ತೋರಿಸಿ ಎಂದರು. "ಇದು ತೆಗೆಯೋದು ಎಲ್ಲಿಂದ?" ಎಂದು ಪಕ್ಕದವರು ಬ್ಯಾಗನ್ನು ಮಗುಚಿ ಮಗುಚಿ ನೋಡಿದರು. ನನ್ನ ಹಿಂದೆ ಕಟ್ಟಿಕೊಂಡ ಸಾಲಿನಲ್ಲಿದ್ದ ಪ್ರತಿಯೊಬ್ಬರಿಗೂ, ಗುಟ್ಟಾಗಿರಬೇಕಿದ್ದ ನನ್ನ ಸಾಮಾನುಗಳ ಸಂಪೂರ್ಣ ದರ್ಶನವಾಯಿತು. ಸಾಲದ್ದಕ್ಕೆ ಬ್ಯಾಗು ಅಷ್ಟು ಚೆಂದವಿತ್ತೆಂದು ಮೂವರು ಬೆಲೆ ವಿಚಾರಿಸಿದರು.

ಈ ಸಂಕಟವನ್ನು ಅಮ್ಮನ ಮುಂದೆ ತೋಡಿಕೊಳ್ಳುತ್ತಿದ್ದಾಗ ದಾವಣಗೆರೆ ಕಡೆಯ ಚಿಕ್ಕಪ್ಪ ಮನೆಗೆ ಬಂದಿದ್ದರು. ತಾವು ಬಟ್ಟೆ ತುಂಬಿಕೊಂಡು ಬಂದಿದ್ದ ಚೀಲವನ್ನು ಮಂಚದ ಮೇಲೆ ಸುರಿದು ಖಾಲಿ ಮಾಡಿ, "ತಗಾಳಲೇ, ಇದನ್ನ ಯಾವ ಕಳ್ಳ ಮುಟ್ತಾನ ನೋಡೋಣು" ಎಂದರು. ಬಿತ್ತನೆ ಬೀಜದ ಕಂಪನಿಯೊಂದು ರೈತರಿಗೆ ಹಂಚಿದ ಕಡುಹಸಿರು ಬ್ಯಾಕ್‌ಪ್ಯಾಕು. ಮೇಲೆ ಮೊಳದುದ್ದದ ಮೆಕ್ಕೆಜೋಳದ ತೆನೆ. ನಮ್ಮ ಕಡೆ ಇದನ್ನೇ ಮುಸುಕಿನ ಜೋಳ ಅನ್ನುತ್ತೇವೆ. ಚಿತ್ರದಲ್ಲಿ ಅದರ ಮುಸುಕು ಅರ್ಧ ಸರಿದು ಕಾಳು ಹಲ್ಲು ಕಿರಿಯುತ್ತಿತ್ತು. ಕೆಳಗೆ ದಪ್ಪಕ್ಷರದಲ್ಲಿ 'ಅಧಿಕ ಇಳುವರಿ'.

ಒಳಗೆ ಸ್ಪಂಜಿನ ಮೆತ್ತೆಯಿದ್ದ ಕ್ಯಾಮೆರಾ ಡಬ್ಬಿಯೊಂದನ್ನು ಇಳಿಸಿದೆ. ಹೇಳಿ ಮಾಡಿಸಿದಂತೆ ಕೂತಿತು. ತಳಕ್ಕೆ ಅಮ್ಮ ಹಳೇ ಹಾಸಿಗೆಯ ತುಂಡೊಂದನ್ನು ಕತ್ತರಿಸಿ ಹೊಲಿದುಕೊಟ್ಟರು. ಮಾರನೆಯ ದಿನ ಮೆಟ್ರೋದಲ್ಲಿ ನನ್ನತ್ತ ಒಬ್ಬರೂ ತಿರುಗಿ ನೋಡಲಿಲ್ಲ. ಹೆಗಲ ಮೇಲೆ ಲಕ್ಷಾಂತರ ರೂಪಾಯಿ, ಮುಖದ ಮೇಲೆ ಬಡ ರೈತನ ಕಳೆ. ಎರಡು ವಾರ ಸುಖವಾಗಿದ್ದೆ.

ಮೂರನೆಯ ವಾರ ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದೆ. ಪುಣ್ಯಕ್ಕೆ ಸೀಟು ಸಿಕ್ಕಿತು. ಪಕ್ಕದಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು. ನನ್ನ ತೊಡೆಯ ಮೇಲಿದ್ದ ತೆನೆಯನ್ನು ಎರಡು ಸ್ಟೇಷನ್ ಕಳೆಯುವವರೆಗೂ ದಿಟ್ಟಿಸಿ, "ಯಾವೂರಾಯ್ತು ಸ್ವಾಮಿ?" ಎಂದರು.

ಬಸವನಗುಡಿ ಎನ್ನಲು ನಾಲಿಗೆ ಬರಲಿಲ್ಲ. "ದಾವಣಗೆರೆ ಕಡೆ" ಎಂದೆ.

"ಓ, ಜೋಳದ ಸೀಮೆ. ಎಷ್ಟು ಎಕರೆ ಹಾಕಿದೀರಾ?"

"ಎರಡು" ಎಂದೆ. ಕಡಿಮೆ ಹೇಳಿದರೆ ಸುಳ್ಳಿನ ಪಾಪವೂ ಕಡಿಮೆ ಎಂಬ ಆಸೆ.

ಅವರು ದೊಡ್ಡಬಳ್ಳಾಪುರದ ಹತ್ತಿರದವರು, ಕಾಡುಗೋಡಿಯ ಮಗಳ ಮನೆಗೆ ಹೊರಟಿದ್ದರು. ಮಾತು ಮೆಕ್ಕೆಜೋಳ ತಿನ್ನುವ ಸೈನಿಕ ಹುಳುವಿಗೆ ತಿರುಗಿತು. ಅಮೆರಿಕ ಖಂಡದಿಂದ ಹೊರಟ ಈ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ಅದೂ ನಮ್ಮ ಕರ್ನಾಟಕದಲ್ಲೇ. ನನಗೆ ಅದು ತಿಳಿದದ್ದು ಆಮೇಲೆ, ಭಯದಿಂದ ಓದಿಕೊಂಡಾಗ. ಆಗ ಮಾತ್ರ "ಹೌದು, ಹೌದು" ಎನ್ನುತ್ತಿದ್ದೆ. ಅಷ್ಟರಲ್ಲಿ ಆಫೀಸಿನಿಂದ ಫೋನು. ಎರಡು ದಿನದಿಂದ ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ತೊಂದರೆ ಕಾಡುತ್ತಿತ್ತು. "ರಾತ್ರಿ ಹೊತ್ತು ಬರತ್ತೆ ಕಣೋ. ಬೆಳಗ್ಗೆ ಹುಡುಕಿದ್ರೆ ಸಿಗಲ್ಲ. ಎಲ್ಲಿ ಅಡಗಿದೆಯೋ ಗೊತ್ತಾಗ್ತಿಲ್ಲ" ಎಂದು ಹೇಳಿ ಫೋನಿಟ್ಟೆ.

ಹಿರಿಯರು ನನ್ನ ಮೊಣಕೈ ಹಿಡಿದುಕೊಂಡರು. ಕಣ್ಣಲ್ಲಿ ಕರುಣೆ ತುಂಬಿತ್ತು. "ಸುಳಿಯೊಳಗೆ ಅಡಗಿರ್ತದೆ ಸ್ವಾಮಿ. ಹಗಲು ಆಚೆ ಬರಲ್ಲ. ಸುಳಿ ಬಿಡಿಸಿ ಒಂದು ಚಿಟಿಕೆ ಮರಳು ಹಾಕಿ. ಮೊಟ್ಟೆ ಕಂಡ್ರೆ ಕೈಯಲ್ಲೇ ಹೊಸಕಿಬಿಡಿ."

ನಾನು ಪಟ್ಟಂದೂರು ಅಗ್ರಹಾರದಲ್ಲಿ ಇಳಿಯುವಾಗ ಅವರು ಕಿಟಕಿಯಿಂದಲೂ ಬೆರಳಲ್ಲಿ ಹೊಸಕುವುದನ್ನು ತೋರಿಸುತ್ತಿದ್ದರು. ಆ ದಿನ ಮೀಟಿಂಗಿನಲ್ಲಿ ನಾನು ಒಂದು ಮಾತೂ ಆಡಲಿಲ್ಲ.

ಮುಂದಿನ ಭಾನುವಾರ ರಾಜಾಜಿನಗರದಲ್ಲಿ ದೊಡ್ಡಮ್ಮನ ಮೊಮ್ಮಗನ ನಾಮಕರಣ. ತೆನೆಯ ಚೀಲ ಹೊತ್ತೇ ಹೋದೆ. ಮುಗಿಸಿಕೊಂಡು ಲಾಲ್‌ಬಾಗಿನ ಕಡೆ ಹೋಗುವ ಯೋಚನೆಯಿತ್ತು. ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕ್ಯಾಮೆರಾ ತಂದಿಲ್ವೇನೋ?" ಎಂದರು. ಇಲ್ಲ ಎಂದೆ. ಜನ್ಮದಲ್ಲಿ ಮೊದಲ ಬಾರಿಗೆ ಮೊದಲ ಪಂಕ್ತಿಯಲ್ಲಿ ಕೂತೆ. ಹೋಳಿಗೆ ಬಿಸಿಯಾಗಿತ್ತು, ಎರಡನೆಯದಕ್ಕೆ ಕೈ ಚಾಚಿದ್ದೆ.

ಹಿಂದಿನಿಂದ ದೊಡ್ಡಮ್ಮನ ದನಿ. "ಚೀಲ ಏನಪ್ಪಾ ಇಷ್ಟು ಭಾರ! ಊರಿಂದ ಜೋಳ ಬಂತೇನೋ? ನಮಗೂ ಎರಡು ಸೇರು ಹಾಕಿಕೊಂಡೆ, ಆಯ್ತಾ?" ನಾನು ಎಂಜಲು ಕೈಯಲ್ಲಿ ಎದ್ದು ಓಡುವಷ್ಟರಲ್ಲಿ ಅವರು ಸ್ಟೀಲಿನ ಪಾವನ್ನು ಒಳಗೆ ಇಳಿಸಿಯಾಗಿತ್ತು. 'ಠಣ್' ಎಂಬ ಸದ್ದು ಇಡೀ ಹಾಲಿಗೆ ಕೇಳಿಸಿತು. ಮುಂದಿನ ಒಂದು ಗಂಟೆ ನಾನೇನು ಮಾಡಿದೆ ಎಂದು ವಿವರಿಸುವ ಅಗತ್ಯವಿಲ್ಲ. ಬೀಗರು, ಬೀಗರ ಬೀಗರು, ಅಡುಗೆಯವರು, ಯಾರನ್ನೂ ಬಿಡಲಿಲ್ಲ.

ಆ ರಾತ್ರಿ ಫೋಟೋಗಳನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಗುಂಪಿನ ಫೋಟೋದಲ್ಲಿ ಗಡಿಬಿಡಿಗೆ ಫೋಕಸ್ ತಪ್ಪಿ, ಮಗು ಮಸುಕಾಗಿ, ಎದುರಿನ ಕುರ್ಚಿಯ ಮೇಲಿದ್ದ ಚೀಲ ಮಾತ್ರ ಕಾಳುಕಾಳಾಗಿ ಬಂದಿತ್ತು. ಮೂವತ್ತು ಜನ ನೆಂಟರ ಕೆಳಗೆ, ದಪ್ಪಕ್ಷರದಲ್ಲಿ, 'ಅಧಿಕ ಇಳುವರಿ'.

ಹತ್ತು ನಿಮಿಷಕ್ಕೆ ಚಿಕ್ಕಪ್ಪನ ಫೋನು. "ತೆನಿ ಭಾಳ ಚಂದ ಬಂದೈತಲೇ. ಕಂಪನಿಯವರಿಗೂ ಕಳ್ಸೀನಿ. ಇನ್ನೆರಡು ಚೀಲ ಕೊಡ್ತಾರಂತೆ."