ಮದುವೆ ಅಸಿಂಧು, ಸರಿ. ಕೂಸು?

ಇವತ್ತು ದಾರಿಯುದ್ದಕ್ಕೂ ಬೈದುಕೊಂಡೇ ಮನೆಗೆ ಬಂದೆ. ಬೈಯಬೇಕಾದವರ ಎದುರಿಗೆ ಬಾಯಿ ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೊಪ್ಪಳ ಜಿಲ್ಲೆಯ ಒಂದು ಹೈಸ್ಕೂಲು. ಎಸ್ಸೆಸ್ಸೆಲ್ಸಿ ಗಣಿತ, ನನಗೆ ರೂಮ್ ಡ್ಯೂಟಿ. ಒಂದು ತಾಸು ಕಳೆದಿರಬೇಕು, ಕಾಂಪೌಂಡಿನ ಆಚೆ ಬೇವಿನ ಮರದ ಕೆಳಗೆ ಕೂಸು ಅಳೋಕೆ ಶುರು ಮಾಡಿತು. ಮೂರನೇ ಬೆಂಚಿನ ಹುಡುಗಿ ಪೆನ್ನು ಕೆಳಗಿಟ್ಟಳು. ತ್ರಿಭುಜ ಎರಡು ಗೆರೆಗೇ ನಿಂತಿತ್ತು. ಎದೆ ಹತ್ತಿರ ಬಟ್ಟೆ ಒದ್ದೆ. ವೇಲಿನಿಂದ ಮುಚ್ಚಿಕೊಳ್ಳುತ್ತಾ, "ಅಕ್ಕೋರ, ಐದ್ ನಿಮಿಷ ಬಿಡ್ರಿ, ಹಾಲ್ ಕುಡಿಸಿ ಬಂದ್ಬಿಡ್ತೀನಿ" ಅಂದಳು.

ಹೋಗಿ ಪರೀಕ್ಷಾ ಕೇಂದ್ರದ ಸಾಹೇಬರನ್ನು ಕೇಳಿದೆ. ಹೊರಗೆ ಹೋದರೆ ವಾಪಸ್ ಬಿಡೋ ಹಾಗಿಲ್ಲ ಅಂದರು. ಸರಿ, ನಿಯಮ. ಆದರೆ ಅಷ್ಟಕ್ಕೇ ಸುಮ್ನಿರಬೇಕಲ್ಲ? "ಗಂಡನ ಮನೆ ಸೇರಿದ ಮೇಲೆ ಪೈಥಾಗೊರಸ್ ಯಾಕ್ರೀ ಇವಕ್ಕ?" ಅಂತ ನಕ್ಕರು.

ನನ್ನ ರೂಮಿನ ಪಕ್ಕದಲ್ಲೇ ಬೀಗ ಹಾಕಿದ ಒಂದು ಕೋಣೆ ಇದೆ. ಕಿಟಕಿಯಿಂದ ಇಣುಕಿದೆ: ಕಾಲು ಮುರಿದ ಬೆಂಚುಗಳು, ಒಂದು ಗ್ಲೋಬು, ಹಾಲಿನ ಪುಡಿಯ ಖಾಲಿ ಚೀಲ. ನಾನು ಕೇಳೋದು ಇಷ್ಟೇ, ಆ ಕೋಣೆ. ಕೂಸು ಮಲಗಿಸೋಕೆ ಒಂದು ಜೋಲಿ, ಒಂದು ಚಾಪೆ, ನೋಡಿಕೊಳ್ಳೋಕೆ ಒಬ್ಬ ಆಯಾ. ಬರೀ ಪರೀಕ್ಷೆಗಲ್ಲ, ವರ್ಷಪೂರ್ತಿ. ಚುನಾವಣೆ ಬಂದರೆ ಇಂಥದ್ದೇ ಶಾಲೆಗಳ ಕೋಣೆಗೆ ಗುಲಾಬಿ ಬಲೂನು ಕಟ್ಟಿ ಸಖಿ ಮತಗಟ್ಟೆ ಮಾಡ್ತೀರಿ, ಅದಕ್ಕೆ ಕೋಣೆ ಸಿಗುತ್ತೆ!

ನನ್ನ ಬಿ.ಎಡ್. ಹೇಗೆ ಮುಗೀತು ಗೊತ್ತಾ? ನಮ್ಮವ್ವ ನನ್ನ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕಾಲೇಜಿನ ಮೆಟ್ಟಿಲ ಮೇಲೆ ಕೂತಿದ್ದಳು. ಆದರೆ ಈ ಹುಡುಗಿಯ ಅವ್ವ ದಿನಾ ಬಂದು ಕೂತರೆ ಕೂಲಿ ಯಾರು ಕೊಡ್ತಾರೆ? ಅಂಗನವಾಡಿಯಲ್ಲಿ ಕೂರಿಸೋದು ಮೂರು ತುಂಬಿದ ಮೇಲೆ, ಅಲ್ಲಿವರೆಗೆ ಆಹಾರದ ಪೊಟ್ಟಣ ಮನೆಗೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗೋ ತಾಯಂದಿರ ಚಿಕ್ಕ ಮಕ್ಕಳಿಗೆ ಅಂತ 2023-24ರ ಬಜೆಟ್‌ನಲ್ಲಿ ಕೂಸಿನ ಮನೆ ಅನ್ನೋ ಶಿಶುಪಾಲನಾ ಕೇಂದ್ರ ಘೋಷಿಸಿದರು, ಒಳ್ಳೇದೇ. 50 ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರಿಂದ ಕಾನೂನೂ ಇದೆ. ಅಂದರೆ ಗುಂಡಿ ತೋಡೋ ತಾಯಿಗೆ ಇದೆ, ಕಂಪನಿ ತಾಯಿಗೆ ಇದೆ, ಲೆಕ್ಕ ಮಾಡೋ ತಾಯಿಗೆ ಮಾತ್ರ ಬೇವಿನ ಮರ.

ಇದೇನು ನನ್ನ ತಲೆಯಿಂದ ಹುಟ್ಟಿದ್ದಲ್ಲ. ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಲ್ಲಿ ಓದೋ ಎಳೇ ತಾಯಂದಿರ ಮಕ್ಕಳನ್ನು ಶಾಲೆಯಲ್ಲೇ ನೋಡಿಕೊಳ್ಳೋ ವ್ಯವಸ್ಥೆ ಇದೆ, ಲೈಫ್ ಅಂತ ಹೆಸರು, ದುಡ್ಡು ತಗೊಳ್ಳಲ್ಲ. ಬಸುರಿ ಅಂತ ಶಾಲೆಯಿಂದ ಹೊರಗೆ ಹಾಕೋ ಹಾಗಿಲ್ಲ ಅನ್ನೋ ಮಟ್ಟಕ್ಕೆ ಅಲ್ಲಿ 1972ರ ಟೈಟಲ್ ನೈನ್ ಕಾನೂನು ಇದೆ. ನಮ್ಮಲ್ಲಿ ಹೊರಗೆ ಹಾಕೋದೇ ಬೇಡ, ತಾವೇ ಹೋಗ್ತಾರೆ.

ಗೊತ್ತು, ಈಗ ಯಾರಾದರೂ ಬಂದು "ಮೇಡಂ, ಹೀಗೆ ಮಾಡಿದರೆ ಬಾಲ್ಯವಿವಾಹಕ್ಕೆ ಕುಮ್ಮಕ್ಕು ಕೊಟ್ಟಂಗಾಗಲ್ವಾ?" ಅಂತ ಕೇಳ್ತಾರೆ. ಹೂಂ, ಶಾಲೆಯಲ್ಲಿ ತೊಟ್ಟಿಲು ಕಟ್ಟಿದ್ದಾರಂತೆ, ನಡಿ ಮಗಳ ಮದುವೆ ಮಾಡೋಣ ಅಂತ ಅಪ್ಪಂದಿರು ಓಡಿ ಬರ್ತಾರೆ ಪಾಪ! ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಂದ 2016ರ ತಿದ್ದುಪಡಿ ಪ್ರಕಾರ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಮದುವೆಯನ್ನು ಕಾಗದದಲ್ಲಿ ಅಳಿಸಬಹುದು. ಮರದ ಕೆಳಗೆ ಅಳ್ತಿರೋ ಕೂಸನ್ನು ಏನು ಮಾಡ್ತೀರಿ?

ಮದುವೆ ತಡೀಬೇಕು, ಅದರಲ್ಲಿ ಎರಡು ಮಾತಿಲ್ಲ. ತಡೀಬೇಕು ಅನ್ನೋ ನಾನು ಮಾಡಿದ್ದನ್ನೂ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅಂಗೈಗೆ ಅರಿಶಿನ ಹತ್ತಿಸಿಕೊಂಡು ಕ್ಲಾಸಿಗೆ ಬಂದಿದ್ದಳು. "ಜಾತ್ರೆ, ಮಿಸ್" ಅಂದಳು. ನಂಬಿದೆ. ಇಲ್ಲ, ನಂಬಲಿಲ್ಲ, ನಂಬಿದಂಗೆ ಮಾಡಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಲಿಲ್ಲ. ಮುಂದಿನ ವಾರದಿಂದ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಬರೀ ಗೈರು.

ಇವತ್ತಿನ ಹುಡುಗಿ ಕೊನೇ ಎರಡು ಪುಟ ಖಾಲಿ ಬಿಟ್ಟು ಉತ್ತರಪತ್ರಿಕೆ ಕೊಟ್ಟಳು. ಗೇಟಿನ ಹತ್ತಿರ ಗೋಡೆಗೆ ಮುಖ ಮಾಡಿ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು, ಅದು ಅವಳ ಹಾಲ್ ಟಿಕೆಟ್ ಮುದ್ದೆ ಮಾಡ್ತಿತ್ತು. "ಪಾಸ್ ಆಕ್ಕೀನೇನ್ರಿ ಅಕ್ಕೋರ?" ಅಂದಳು. ಏನು ಹೇಳೋದು.

ಸೋಮವಾರ ವಿಜ್ಞಾನ. ಆ ಕೋಣೆಯ ಬೀಗದ ಕೈ ಬಿಸಿಯೂಟದ ಅಕ್ಕನ ಹತ್ತಿರ ಇರುತ್ತಂತೆ. ಬೆಳಿಗ್ಗೆ ಎಂಟಕ್ಕೇ ಹೋಗ್ತೀನಿ.